ವಿದೇಶಿ ಆರ್ಟ್ ರೆಸಿಡೆನ್ಸಿಗೆ ಬಾಗಲಕೋಟಿಯಿಂದ ಅರ್ಜಿ: ಹೆಂಗ, ಎಲ್ಲಿ?

ನವನಗರ_ಪ್ರಿಂಟ್:
ನಮಸ್ಕಾರ್ರಿ. ಆಲಮಟ್ಟಿ ಮುಳುಗಡೆ ಮ್ಯಾಲೆ ಪ್ರಿಂಟ್, ಇನ್‌ಸ್ಟಲೇಶನ್ (ಇಡೀ ಕೋಣಿ ತುಂಬೋ ಕಲಾಕೃತಿ) ಮಾಡ್ತೀನಿ. ಹಿನ್ನೀರ ದಂಡಿ ಎರಿ ಮಣ್ಣು, ಗುಳೇದಗುಡ್ಡ ಖಣ ಬಳಸ್ತೀನಿ. ಯುರೋಪಿನಾಗ ಮೂರು ತಿಂಗಳ ರೆಸಿಡೆನ್ಸಿಗೆ, ಅಂದ್ರ ಅಲ್ಲೇ ಉಳಿದು ಕಲಾ ಕೆಲಸ ಮಾಡೂದಕ್ಕ, ಅರ್ಜಿ ಹಾಕೋ ವಿಚಾರ ಐತಿ. ಯಾವುದು ಖರೇ, ಯಾವುದು ರೊಕ್ಕ ಕೀಳೂದು? ಪ್ರಪೋಸಲ್‌ನಾಗ ಏನ್ ನೋಡ್ತಾರ? ಮಣ್ಣು, ಬಟ್ಟಿ ಒಯ್ಯಾಕ ಬಿಡ್ತಾರೇನು? ವಿಜಯಪುರದಾಗ ಕ್ಯುರೇಟರ್ (ಕಲಾ ಪ್ರದರ್ಶನ ರೂಪಿಸೋಕಿ) ಗೆಳತಿ ಅದಾಳ, ಆಕಿಗೂ ದಾರಿ ಇದ್ರ ಹೇಳ್ರಿ.

ಕಪ್ಪುಶಾಯಿ:
ಪ್ರಕಟಣೆಯಲ್ಲಿ ಹಣದ ಸಾಲು ಮೊದಲು ಓದಿ. ಸ್ಟುಡಿಯೊ, ವಸತಿ, ವಿಮಾನ, ದಿನಖರ್ಚು, ಸಾಮಗ್ರಿ: ಈ ಐದರಲ್ಲಿ ಯಾವುದು ಅವರದು, ಯಾವುದು ನಿಮ್ಮದು? ‘ಆಯ್ಕೆಯಾಗಿದ್ದೀರಿ, ತಿಂಗಳ ಶುಲ್ಕ ಕಟ್ಟಿ’ ಎನ್ನುವುದೆಲ್ಲ ಮೋಸವಲ್ಲ, ಆದರೆ ಅಂಥ ಕಡೆ ಆಯ್ಕೆಗೆ ತೂಕ ಕಡಿಮೆ. ದೊಡ್ಡ ಹೆಸರುಗಳಲ್ಲೂ ನೋಡಿಕೊಳ್ಳಬೇಕು. ನ್ಯೂಯಾರ್ಕಿನ ರೆಸಿಡೆನ್ಸಿ ಸಂಸ್ಥೆ ಐಎಸ್‌ಸಿಪಿಯಲ್ಲಿ (ಇಂಟರ್‌ನ್ಯಾಷನಲ್ ಸ್ಟುಡಿಯೊ ಆ್ಯಂಡ್ ಕ್ಯುರೇಟೋರಿಯಲ್ ಪ್ರೋಗ್ರಾಂ) ಸ್ಟುಡಿಯೊ ವೆಚ್ಚಕ್ಕೆ ಸಾಮಾನ್ಯವಾಗಿ ಪ್ರಾಯೋಜಕರು ಬೇಕು. ಪ್ಯಾರಿಸ್ಸಿನ ಸಿಟೆ ಇಂಟರ್‌ನ್ಯಾಷನಲ್ ದೆಸ್ ಆರ್ಟ್ಸ್‌ನಲ್ಲಿ 300ಕ್ಕೂ ಹೆಚ್ಚು ಸ್ಟುಡಿಯೊಗಳಿವೆ, ಬಹಳ ಮಂದಿ ಯಾವುದಾದರೂ ಪಾಲುದಾರ ಸಂಸ್ಥೆಯ ಮೂಲಕ ಬರುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿಯ ರೆಸಿಡೆನ್ಸಿ ಎರಡು ವರ್ಷದ್ದು, ನಿಮ್ಮ ಲೆಕ್ಕಕ್ಕೆ ಕೂಡುವುದಿಲ್ಲ. ಮೂರು ತಿಂಗಳೆಂದರೆ ಸ್ವಿಟ್ಜರ್‌ಲೆಂಡಿನ ಕಲಾ ಮಂಡಳಿ ಪ್ರೊ ಹೆಲ್ವೆಷಿಯಾದ ದೆಹಲಿ ಕಚೇರಿಯ ಸ್ವಿಸ್ ರೆಸಿಡೆನ್ಸಿ ನೋಡಿ. ಬ್ರಿಟನ್ನಿಗೆ ಹೋಗಲು ಹಣದ ನೆರವು ಕೊಡುವ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಇದೆ. ಉಳಿದವನ್ನು ಹುಡುಕಲು ರೆಸ್ ಆರ್ಟಿಸ್, ಟ್ರಾನ್ಸ್‌ಆರ್ಟಿಸ್ಟ್ಸ್ ಜಾಲತಾಣಗಳ ಪಟ್ಟಿಗಳು ಸಾಕು.

ಸಿ.ವಿ. ಖಾಲಿಯಿದ್ದರೆ ಮೊದಲು ದೆಹಲಿಯ ಖೋಜ್ ಅಥವಾ ಬೆಂಗಳೂರಿನ 1 ಶಾಂತಿರೋಡ್ ಕಲಾಕೇಂದ್ರಗಳ ರೆಸಿಡೆನ್ಸಿಗೆ ಪ್ರಯತ್ನಿಸಿ. ಹೊರದೇಶದ ಆಯ್ಕೆ ಸಮಿತಿಗಳಿಗೆ ಈ ಎರಡೂ ಹೆಸರು ಗೊತ್ತು.

ಹಿನ್ನೀರು:
ಪ್ರಪೋಸಲ್ ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಪ್ರಶ್ನೆಯಲ್ಲಿ: ಈ ಕೆಲಸಕ್ಕೆ ಇದೇ ಊರು ಯಾಕೆ? ‘ಹೊಸ ಸಂಸ್ಕೃತಿಯ ಅನುಭವ ಪಡೆಯಲು’ ಎಂದು ಬರೆದ ಅರ್ಜಿಯನ್ನು ಹತ್ತು ದೇಶಕ್ಕೆ ಕಳಿಸಬಹುದು, ಅದೇ ಅದರ ದೋಷ. ನಿಮ್ಮ ವಿಷಯಕ್ಕೆ ಅಲ್ಲೂ ನಂಟರಿದ್ದಾರೆ. ಲಿವರ್‌ಪೂಲಿನ ನೀರಿಗಾಗಿ 1965ರಲ್ಲಿ ಮುಳುಗಿದ ವೇಲ್ಸ್‌ನ ಕ್ಯಾಪೆಲ್ ಕೆಲಿನ್ ಇದೆ. ಉತ್ತರ ಇಟಲಿಯ ರೆಶೆನ್ ಸರೋವರದಲ್ಲಿ 1950ರಲ್ಲಿ ಮುಳುಗಿದ ಗ್ರೌನ್ ಊರಿನ ಚರ್ಚ್ ಗೋಪುರ ಇವತ್ತಿಗೂ ನೀರಿನ ಮೇಲೆ ನಿಂತಿದೆ. ಅಂಥ ಜಾಗದ ಹತ್ತಿರದ ರೆಸಿಡೆನ್ಸಿ ಹುಡುಕಿ, ಯಾವ ದಾಖಲೆ ನೋಡುತ್ತೀರಿ, ಯಾರನ್ನು ಮಾತಾಡಿಸುತ್ತೀರಿ ಬರೆಯಿರಿ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇನ್ನೂ ಬಾಕಿ ಇದೆ ಎಂಬ ಒಂದು ವಾಕ್ಯ ಹಾಕಿ. ನಿಮ್ಮದು ಹಳೆಯ ನೆನಪಿನ ಕೆಲಸವಲ್ಲ ಎಂದು ಓದುವವರಿಗೆ ತಿಳಿಯಬೇಕು.

ಪೋರ್ಟ್‌ಫೋಲಿಯೊದಲ್ಲಿ ಪ್ರತಿ ಚಿತ್ರದ ಕೆಳಗೆ ಹೆಸರು, ವರ್ಷ, ಮಾಧ್ಯಮ, ಅಳತೆ ಇರಲಿ. ಇನ್‌ಸ್ಟಲೇಶನ್ ಆದರೆ ಇಡೀ ಕೋಣೆಯ ಒಂದು ನೋಟ, ಹತ್ತಿರದ ಒಂದು ನೋಟ. ಕೇಳಿದ್ದು 10 ಚಿತ್ರವಾದರೆ 10 ಮಾತ್ರ. ವಿಡಿಯೊ ಲಿಂಕಿನ ಪಾಸ್‌ವರ್ಡ್ ಪಿಡಿಎಫ್ ಒಳಗೇ ಬರೆದಿಡಿ.

ಗಡಿಯಾಚೆ:
ಸಡಿಲ ಮಣ್ಣು ಒಯ್ಯೂದು ಬಿಡ್ರಿ. ಹೊರದೇಶದ ಮಣ್ಣು ಐರೋಪ್ಯ ಒಕ್ಕೂಟದೊಳಗ ತರೂದು ನಿಷೇಧ ಐತಿ. ಗಿಡದ ರೋಗ, ಹುಳ ಬರ್ತಾವಂತ. ಹುರದು ಪುಡಿ ಮಾಡಿದ್ರೂ ಕಸ್ಟಮ್ಸ್‌ದವ್ರ ಕಣ್ಣಿಗೆ ಅದು ಮಣ್ಣs. ಇಲ್ಲೇ ಪ್ರಿಂಟ್ ಮುಗಿಸಿ ಕಾಗದ ಸುತ್ತಿ ಒಯ್ಯಿರಿ, ಅಲ್ಲಿ ಅಲ್ಲಿಯ ಮಣ್ಣು ಅರದು ಬಳಸ್ರಿ.

ವೀಸಾದಾಗ ಎಡವೂದು ದಿನದ ಲೆಕ್ಕಕ್ಕ. ಶೆಂಗನ್ (ಯುರೋಪಿನ ಬಾಳ ದೇಶಕ್ಕ ಒಂದs ವೀಸಾ ನಡಿಯೋ ಒಕ್ಕೂಟ) ಸಿ ವೀಸಾ, ಅಂದ್ರ ಸಣ್ಣ ಅವಧಿದು, 180 ದಿನದಾಗ 90 ದಿನ ಅಷ್ಟ. ಇಳಿದ ದಿನ, ಬಿಟ್ಟ ದಿನ ಎರಡೂ ಎಣಿಸ್ತಾರ. ಜುಲೈ 1ರಿಂದ ಸೆಪ್ಟೆಂಬರ್ 30 ಅಂದ್ರ 92 ಆಗ್ತದ! ಎರಡು ದಿನ ಕಡಿಮಿ ಮಾಡಿ ಆಹ್ವಾನ ಪತ್ರ ಬರಸ್ಕೋರಿ, ಇಲ್ಲಾಂದ್ರ ದೀರ್ಘ ಅವಧಿಯ ಡಿ ವೀಸಾ ಬೇಕು, ಅದಕ್ಕ ಬಾಳ ದಿನ ಹಿಡೀತದ. ಪತ್ರದಾಗ ತಾರೀಖು, ಉಳಿಯೋ ವಿಳಾಸ, ಸ್ಟೈಪೆಂಡ್ (ಖರ್ಚಿಗೆ ಕೊಡೋ ರೊಕ್ಕ) ಮೊತ್ತ, ಯಾರು ಏನು ಕೊಡ್ತಾರ ಎಲ್ಲಾ ಬೇಕು. ವಿಮೆ ಕನಿಷ್ಠ 30,000 ಯುರೋ. ಅರ್ಜಿ ಹೊಂಡೂ ಆರು ತಿಂಗಳ ಮೊದಲಿಂದ ಹಾಕಬಹುದು, ಕಡೀಕ ಅಂದ್ರ 15 ದಿನ. ಪಾಸ್‌ಪೋರ್ಟ್‌ನಾಗ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟಿದ್ರ ಈಗs ಸರಿ ಮಾಡಿಸ್ರಿ. ಬ್ರಿಟನ್ ಶೆಂಗನ್ ಅಲ್ಲ, ಅದರ ವೀಸಾ ಬ್ಯಾರೆ.

ನವನಗರ_ಪ್ರಿಂಟ್:
ಮತ್ತ ಖಣ? ಒಂದೆರಡು ತುಂಡು ಮುತ್ತಜ್ಜಿ ಕಾಲದ್ದು.

ಗಡಿಯಾಚೆ:
ಹೊಸ ಖಣಕ್ಕ ತಕರಾರಿಲ್ಲ. ಹಳೇದು ನೂರು ವರ್ಷ ದಾಟಿದ್ರ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು ಆಗಬಹುದು, ಖಾಸಗಿಯವ್ರು ಹೊರಗ ಒಯ್ಯಂಗಿಲ್ಲ. ವಯಸ್ಸಿನ ಬಗ್ಗೆ ಅನುಮಾನ ಇದ್ರ ಪುರಾತತ್ವ ಸರ್ವೇಕ್ಷಣದಿಂದ ‘ಪುರಾತನ ಅಲ್ಲ’ ಅನ್ನೂ ಸರ್ಟಿಫಿಕೇಟ್ ತಗೋರಿ, ಇಲ್ಲಾ ಸ್ಕ್ಯಾನ್ ಮಾಡಿ ಮೂಲ ಮನ್ಯಾಗ ಇಡ್ರಿ.

ಕಪ್ಪುಶಾಯಿ:
ಗೆಳತಿಗೆ: ಕ್ಯುರೇಟರ್ ಅರ್ಜಿಯಲ್ಲಿ ಚಿತ್ರಗಳಿಗಿಂತ ಬರಹ ಮುಖ್ಯ. ಮಾಡಿದ ಪ್ರದರ್ಶನಗಳ ಪಟ್ಟಿ, ಒಂದೆರಡು ಲೇಖನ, ಒಂದು ಸಂಶೋಧನಾ ಪ್ರಶ್ನೆ ಕೇಳುತ್ತಾರೆ. ಲೇಖನ ಕನ್ನಡದ್ದಾದರೆ ಇಂಗ್ಲಿಷ್ ಅನುವಾದ ಜೊತೆಗಿರಲಿ. ಐಎಸ್‌ಸಿಪಿ, ಲಂಡನ್ನಿನ ಡೆಲ್ಫಿನಾ ಫೌಂಡೇಶನ್ ಎರಡೂ ಕ್ಯುರೇಟರ್‌ಗಳನ್ನು ತೆಗೆದುಕೊಳ್ಳುತ್ತವೆ.

ಇಬ್ಬರಿಗೂ: ಬರ್ಲಿನ್ ಸಮಯ ರಾತ್ರಿ 11:59 ಕೊನೆ ಅಂದರೆ ನಮಗೆ ಅಲ್ಲಿಯ ಬೇಸಿಗೆಯಲ್ಲಿ ಮರುದಿನ ಬೆಳಗಿನ 3:29, ಚಳಿಗಾಲದಲ್ಲಿ 4:29. ಆ ಹೊತ್ತಿಗೆ ಪೋರ್ಟಲ್ ಅಪ್‌ಲೋಡ್ ನಿಧಾನವಾಗುತ್ತದೆ, ಹಿಂದಿನ ದಿನವೇ ಕಳಿಸಿ.