ಲಸಿಕೆ ಕಾರ್ಡಿನ ಅಕ್ಷರಗಳು: ಮಕ್ಕಳ ಡಾಕ್ಟರಿಗೆ ಕೇಳಿ

ಡಾಕ್ಟರ್: ಕಾರ್ಡಿನಲ್ಲಿ ಬರೆದ ಲಸಿಕೆ ಹೆಸರು ಅರ್ಥವಾಗದಿದ್ದರೆ ಇಲ್ಲಿ ಕೇಳಿ. ರೋಗಿಗಳ ನಡುವೆ ಬಿಡುವಾದಾಗ ಉತ್ತರಿಸುತ್ತೇನೆ.

ಸುಮಾ: ಮೇಡಂ, ಮಗಳ ಕಾರ್ಡಿನಲ್ಲಿ ಪಿಸಿವಿ 13 ಅಂತ ಇದೆ. ಹದಿಮೂರು ಸಲ ಚುಚ್ಚಿಸಬೇಕಾ?

ಡಾಕ್ಟರ್: ಇಲ್ಲಮ್ಮ. ನ್ಯುಮೋಕಾಕಸ್ ಬ್ಯಾಕ್ಟೀರಿಯಾದ 13 ಬಗೆಗಳಿಂದ ಅದು ಕಾಪಾಡುತ್ತದೆ ಅಂತ ಅರ್ಥ. ಡೋಸಿನ ಲೆಕ್ಕ ಬೇರೆ. ಪಿಪಿಎಸ್‌ವಿ 23 ಅಂತ ಇನ್ನೊಂದಿದೆ. ಸಂಖ್ಯೆ ಜಾಸ್ತಿ ಅಂತ ಅದನ್ನೇ ಕೇಳಬೇಡಿ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಮಂಜುನಾಥ್: ಹಿಬ್ ಅಂದ್ರೆ ಹೆಪಟೈಟಿಸ್ ಬಿ ತಾನೇ?

ಡಾಕ್ಟರ್: ಅಲ್ಲ. ಹಿಬ್ ಅಂದರೆ ಹಿಮೋಫಿಲಸ್ ಇನ್‌ಫ್ಲುಯೆಂಜೆ ಟೈಪ್ ಬಿ, ಒಂದು ಬ್ಯಾಕ್ಟೀರಿಯಾ. ಚಿಕ್ಕ ಮಕ್ಕಳಿಗೆ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ ತರುತ್ತದೆ. ಫ್ಲೂ ಲಸಿಕೆಯೂ ಅಲ್ಲ. 1892ರಲ್ಲಿ ಫೈಫರ್ ಎಂಬ ವಿಜ್ಞಾನಿ ಫ್ಲೂಗೆ ಇದೇ ಕಾರಣ ಅಂದುಕೊಂಡರು. ಆ ತಪ್ಪು ಹೆಸರಿನಲ್ಲಿ ಉಳಿದುಬಿಟ್ಟಿದೆ. ಹೆಪ್‌ಬಿ ಲಿವರಿಗೆ ಬರುವ ವೈರಸ್ಸಿನ ಲಸಿಕೆ.

ಶಾರದಾ: ಮಗನಿಗೆ ಎಂಆರ್ ಹಾಕಿಸಿದ್ದೇವೆ. ಅಕ್ಕನ ಮಗನಿಗೆ ಎಂಎಂಆರ್. ನಮ್ಮವನಿಗೆ ಒಂದು ಎಂ ಕಡಿಮೆ ಆಯ್ತಲ್ವಾ?

ರೂಪಾ: ಡಾಕ್ಟ್ರೇ, ಮಗುವಿಗೆ ನಾಲ್ಕು ತಿಂಗಳು. ಮೊದಲ ಡೋಸಿನ ಸಾಲಿನಲ್ಲಿ ಡಿಟ್ಯಾಪ್ ಅಂತ ಬರೆದಿದ್ದಾರೆ. ಮೊನ್ನೆ ಹಾಕಿದ ಎರಡನೆಯದಕ್ಕೆ ಟಿಡ್ಯಾಪ್ ಅಂತ ಇದೆ. ಎರಡೂ ಒಂದೇನಾ?

ಗೀತಾ: ಒಂದೇ ರೂಪಾ, ಅಕ್ಷರ ಹಿಂದೆ ಮುಂದೆ ಅಷ್ಟೇ. ನನಗೆ ಬಂದ ಪಟ್ಟಿಯಲ್ಲೂ ಹಾಗೇ ಇದೆ, ಫಾರ್ವರ್ಡ್ ಮಾಡಿದ್ದೇನೆ. ಭಯ ಇದ್ದರೆ ಅಡುಗೆ ಸೋಡಾ ನೀರಲ್ಲಿ ಸ್ನಾನ ಮಾಡಿಸಿ. ಲಸಿಕೆಯ ಕೆಟ್ಟ ಅಂಶ ಹೊರಗೆ ಹೋಗುತ್ತದಂತೆ.

ಡಾಕ್ಟರ್: ರೂಪಾ, ಆ ಸಾಲಿನ ಪಕ್ಕ ಲಸಿಕೆಯ ಚೀಟಿ ಅಂಟಿಸಿದ್ದಾರಾ? ಅದರಲ್ಲಿ ಇಂಗ್ಲಿಷ್ ಹೆಸರು ನೋಡಿ. ಡಿ ದೊಡ್ಡಕ್ಷರವೋ ಸಣ್ಣಕ್ಷರವೋ?

ರೂಪಾ: ಟಿ ಒಂದೇ ದೊಡ್ಡದು. ಡಿ, ಎ, ಪಿ ಮೂರೂ ಸಣ್ಣದು.

ಡಾಕ್ಟರ್: ಹಾಗಾದರೆ ಮೊನ್ನೆ ಹಾಕಿದ್ದು ದೊಡ್ಡವರ ಲಸಿಕೆ. ಗಾಬರಿಯಾಗಬೇಡಿ, ಅದರಲ್ಲಿ ಇರುವುದು ಜಾಸ್ತಿ ಅಲ್ಲ, ಕಡಿಮೆ. ತೊಂದರೆ ಇರುವುದು ಅಲ್ಲೇ. ಡಿ ಅಂದರೆ ಡಿಫ್ತೀರಿಯಾ, ಗಂಟಲಮಾರಿ. ಟಿ ಅಂದರೆ ಟೆಟನಸ್. ಪಿ ಅಂದರೆ ಪರ್ಟುಸಿಸ್, ನಾಯಿಕೆಮ್ಮು. ಸಣ್ಣ ಎ ಅಂದರೆ ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾ ಇಲ್ಲ, ಆಯ್ದ ಭಾಗಗಳು ಮಾತ್ರ. ಇಡೀ ಇದ್ದರೆ ಅಲ್ಲಿ ಡಬ್ಲ್ಯೂ ಬರುತ್ತದೆ. ಉಳಿದಂತೆ ದೊಡ್ಡಕ್ಷರ ಪೂರ್ತಿ ಪ್ರಮಾಣ, ಸಣ್ಣಕ್ಷರ ಕಡಿಮೆ ಪ್ರಮಾಣ. ಮಕ್ಕಳ ಲಸಿಕೆಯಲ್ಲಿ ಡಿಫ್ತೀರಿಯಾ ಅಂಶ 15 ಅಥವಾ 25 ಯೂನಿಟ್ ಇದ್ದರೆ, ದೊಡ್ಡವರದರಲ್ಲಿ 2 ಅಥವಾ 2.5 ಇರುತ್ತದೆ. ದೊಡ್ಡವರಿಗೆ ಹಳೆಯ ರಕ್ಷಣೆಯನ್ನು ನೆನಪಿಸಿದರೆ ಸಾಕು. ಕೂಸಿಗೆ ಮೊದಲಿನಿಂದ ಕಟ್ಟಬೇಕು.

ಏಳು ವರ್ಷದೊಳಗಿನ ಮಗುವಿಗೆ ಮೊದಲ ಮೂರು ಡೋಸುಗಳಲ್ಲಿ ಹೀಗಾದರೆ ಆ ಡೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಡ ಮಾಡದೆ ಡಿಟ್ಯಾಪ್ ಹಾಕಿಸಿ. ನಾಲ್ಕನೆಯದೋ ಐದನೆಯದೋ ಆಗಿದ್ದರೆ ಒಪ್ಪಬಹುದಿತ್ತು. ನಾಯಿಕೆಮ್ಮು ಹೆಚ್ಚು ಕಾಡುವುದು ಈ ವಯಸ್ಸಿನಲ್ಲೇ. ಕೆಲವು ಕೂಸುಗಳಿಗೆ ಕೆಮ್ಮೇ ಬರುವುದಿಲ್ಲ, ಉಸಿರು ನಿಂತುನಿಂತು ಬರುತ್ತದೆ. ಲಸಿಕೆ ಹಾಕಿದವರಿಗೆ ಇವತ್ತೇ ಫೋನ್ ಮಾಡಿ.

ಗೀತಾ, ಆ ಪಟ್ಟಿ ಅಳಿಸಿ. ಲಸಿಕೆ ಸ್ನಾಯುವಿನೊಳಗೆ ಹೋಗಿರುತ್ತದೆ, ಚರ್ಮದ ಮೇಲೆ ಏನು ಸುರಿದರೂ ಹೊರಗೆ ಬರುವುದಿಲ್ಲ. ನಾಲ್ಕು ತಿಂಗಳ ಕೂಸನ್ನು ಸೋಡಾ ನೀರಲ್ಲಿ ಕೂರಿಸಬೇಡಿ.

ಗೀತಾ: ಸಹಾಯ ಆಗಲಿ ಅಂತ ಹಾಕಿದ್ದು ಮೇಡಂ.

ವೆಂಕಟೇಶ್: ಇದಕ್ಕೇ ಹೇಳುವುದು, ಕನ್ನಡದಲ್ಲಿ ಪೂರ್ತಿ ಹೆಸರು ಬರೆಯಿರಿ ಅಂತ. ಗಂಟಲಮಾರಿ, ನಾಯಿಕೆಮ್ಮು ಅಂದರೆ ಅಜ್ಜಿಗೂ ಗೊತ್ತಾಗುತ್ತದೆ.

ಅನಿಲ್: ಪೂರ್ತಿ ಹೆಸರು ಬರೆದರೆ ಎರಡೂ ಲಸಿಕೆಗೆ ಒಂದೇ ಹೆಸರು ಬರುತ್ತದೆ ಸಾರ್. ಪ್ರಮಾಣ ಹೇಗೆ ಗೊತ್ತಾಗುತ್ತದೆ? ಇಂಗ್ಲಿಷ್ ಅಕ್ಷರವೇ ಇರಲಿ.

ವೆಂಕಟೇಶ್: ಇಂಗ್ಲಿಷ್ ಬಾರದ ತಾಯಂದಿರು ಏನು ಮಾಡಬೇಕು?

ಅನಿಲ್: ಮಗುವಿನ ವಿಷಯದಲ್ಲಿ ಭಾಷಾ ಅಭಿಮಾನ ತರಬೇಡಿ.

ವೆಂಕಟೇಶ್: ಅಭಿಮಾನ ಅಲ್ಲ ಸ್ವಾಮಿ. ಓದಲು ಬಾರದ ಕಾರ್ಡು ಇದ್ದೂ ಇಲ್ಲದ ಹಾಗೆ. ನೀವು ಸುಮ್ನೆ ಮಾತು ತಿರುಗಿಸಬೇಡಿ.

ಲತಾ: ಮೇಡಂ, ಹಿಬ್ ಮತ್ತು ಹೆಪಟೈಟಿಸ್ ಬಿ ಒಂದೇನಾ?

ಡಾಕ್ಟರ್: ಬೇರೆ ಬೇರೆ. ಮೇಲೆ ಬರೆದಿದ್ದೇನೆ.

ಕಿರಣ್: ಅಪ್ಪನಿಗೆ 62. ಆರ್‌ಜೆಡ್‌ವಿ ಬರೆದುಕೊಟ್ಟಿದ್ದಾರೆ. ಚಿಕನ್‌ಪಾಕ್ಸಿನ ವಿಎಆರ್ ಹಾಕಿಸಿದರೆ ಸಾಲದಾ? ವೈರಸ್ ಒಂದೇ ಅಂತಾರೆ.

ಡಾಕ್ಟರ್: ವೈರಸ್ ಒಂದೇ, ಲಸಿಕೆ ಬೇರೆ. ಆರ್‌ಜೆಡ್‌ವಿ ಸರ್ಪಸುತ್ತಿಗೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಬರೆದುಕೊಟ್ಟಿದ್ದನ್ನೇ ಹಾಕಿಸಿ.

ವೆಂಕಟೇಶ್: ಮೇಡಂ, ನೀವೇ ತೀರ್ಮಾನ ಹೇಳಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಬರೀ ಡಿಟ್ಯಾಪ್, ಟಿಡ್ಯಾಪ್ ಅಂತ ಬರೆದರೆ ಮುಖ್ಯವಾದ ಗುರುತೇ ಹೋಗುತ್ತದೆ. ಇಂಗ್ಲಿಷ್ ಹೆಸರು ಹಾಗೇ ಇರಲಿ, ಪಕ್ಕದಲ್ಲಿ ಕನ್ನಡದಲ್ಲಿ ‘ಮಕ್ಕಳದು’, ‘ದೊಡ್ಡವರದು’ ಅಂತ ಬರೆಸಿಕೊಳ್ಳಿ. ಚುಚ್ಚುವ ಮೊದಲೇ ಕೇಳಿ.

ಅನಿಲ್: ನಾನೂ ಅದನ್ನೇ ಹೇಳಿದ್ದು.

ವೆಂಕಟೇಶ್: ನೀವು ಹೇಳಿದ್ದು ಮೇಲೇ ಇದೆ, ಎಲ್ಲರೂ ಓದಿದ್ದಾರೆ.

ಗೀತಾ: ಅನುಭವದ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಡಾಕ್ಟರ್: ಗೀತಾ, ಪಟ್ಟಿ ಇನ್ನೂ ಅಳಿಸಿಲ್ಲ. ಅದರಲ್ಲಿ ಹಿಬ್ ಕೂಡ ತಪ್ಪಾಗಿದೆ. ಒಂದೇ ಪ್ರಶ್ನೆ ಎರಡು ಸಲ ಬಂದದ್ದು ಅದರಿಂದಲೇ.

ರೂಪಾ: ಫೋನ್ ಮಾಡಿದೆ ಡಾಕ್ಟ್ರೇ. ಅವರೂ ದಾಖಲೆ ನೋಡಿ ಹೌದು ಅಂದರು. ನಾಳೆ ಬೆಳಿಗ್ಗೆ ಬರಲು ಹೇಳಿದ್ದಾರೆ. ಹಳೇ ಸಾಲು ಹೊಡೆದುಹಾಕಲಾ?

ಡಾಕ್ಟರ್: ಬೇಡ, ಹಾಗೇ ಇರಲಿ. ಹಾಕಿದ್ದೆಲ್ಲ ದಾಖಲೆಯಲ್ಲಿರಬೇಕು. ಹೊಸದನ್ನು ಹೊಸ ಸಾಲಿನಲ್ಲಿ ಬರೆಸಿ, ಹಳೆಯದರ ಪಕ್ಕ ‘ಲೆಕ್ಕಕ್ಕಿಲ್ಲ’ ಅಂತ ಅವರಿಂದಲೇ ಬರೆಸಿ. ನಾಳೆ ಚುಚ್ಚುವ ಮುಂಚೆ ಡಿ ದೊಡ್ಡಕ್ಷರ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಹಾಕಿಸಿದ ಮೇಲೆ ನನಗೆ ತಿಳಿಸಿ.

ಶಾರದಾ: ಮೇಡಂ, ನನ್ನ ಎಂಆರ್ ಪ್ರಶ್ನೆ ಹಾಗೇ ಉಳಿದಿದೆ.