‘ಅಳಿಯ ನೋಡಿಕೊಳ್ಳುತ್ತಾರೆ’ ಅಂದರೆ ಈಗಲೋ, ಮುಂದೆಯೋ? ‘ಡಿಪೆಂಡೆಂಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಅರ್ಜಿಯ ಕಾಗದ ಎರಡು ವಾರದಿಂದ ನನ್ನ ಮೇಜಿನ ಮೇಲಿದೆ. ಅದರಲ್ಲಿ ಒಂದು ವಾಕ್ಯ ನನ್ನನ್ನು ಬಿಡುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕು.

ನಾನಿರುವುದು ಐರ್ಲೆಂಡಿನಲ್ಲಿ. ನಮ್ಮ ಪಕ್ಕದ ಮನೆಯ ಗಂಡ ಮಡಗಾಂವಿನವರು, ಹೆಂಡತಿ ಅಂಕೋಲದವಳು. ಗಂಡನದು ಪೋರ್ಚುಗಲ್ ಪಾಸ್‌ಪೋರ್ಟ್. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಅಲ್ಲಿ ಆಗ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಹೀಗೆ ಪೌರತ್ವ ಪಡೆದದ್ದು ಬಹಳ. ಹೆಂಡತಿಯದು ಭಾರತದ ಪಾಸ್‌ಪೋರ್ಟ್. ಪೋರ್ಚುಗಲ್‌ನವರು ಐರ್ಲೆಂಡಿಗೆ ಬಂದು ದುಡಿಯುತ್ತಿರುವುದರಿಂದ ಯುರೋಪಿಯನ್ ಒಕ್ಕೂಟದ 2004ರ ನಿರ್ದೇಶನ (ಒಕ್ಕೂಟದ ಒಂದು ದೇಶದ ಪ್ರಜೆ ಇನ್ನೊಂದು ದೇಶದಲ್ಲಿ ನೆಲೆಸಿದರೆ ಮನೆಯವರೂ ಜೊತೆಗಿರಬಹುದು ಎನ್ನುವ ಕಾನೂನು) ಈ ಮನೆಗೆ ಅನ್ವಯಿಸುತ್ತದೆ. ಹೆಂಡತಿಗೆ ಐದು ವರ್ಷದ ರೆಸಿಡೆನ್ಸ್ ಕಾರ್ಡ್, ಅಂದರೆ ಇಲ್ಲಿ ನೆಲೆಸುವ ಹಕ್ಕನ್ನು ತೋರಿಸುವ ಕಾರ್ಡ್, ಆಗಲೇ ಬಂದಿದೆ. ಈಗ ಅವಳ ತಾಯಿಯ ಸರದಿ. ಅವರು ಬಂದು ಎರಡು ತಿಂಗಳಾಯಿತು.

ಹೆಂಡತಿ ಅಂತಾದರೆ ಮದುವೆ ಕಾಗದ ತೋರಿಸಿದರೆ ಮುಖ್ಯ ಪ್ರಶ್ನೆ ಮುಗಿಯಿತು. ತಾಯಿಗೆ ಹಾಗಲ್ಲ. ಪ್ರಜೆಯ ತಂದೆತಾಯಿ, ಹೆಂಡತಿಯ ತಂದೆತಾಯಿ ಇಬ್ಬರಿಗೂ ಅವಕಾಶ ಇದೆ. ಆದರೆ ಅವರು ‘ಡಿಪೆಂಡೆಂಟ್’ ಆಗಿರಬೇಕು. ಎಲ್ಲ ನಿಂತಿರುವುದು ಈ ಒಂದು ಪದದ ಮೇಲೆ.

ಊರಿನಿಂದ ಹೊರಡುವ ಮೊದಲು ಅಮ್ಮ ತಮ್ಮ ಕೈಯಿಂದಲೇ ಗೆರೆ ಹಾಳೆಯ ಮೇಲೆ ಒಂದು ಹೇಳಿಕೆ ಬರೆದಿದ್ದಾರೆ. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ‘ನನ್ನ ಗಂಡ ತೀರಿಕೊಂಡಿದ್ದಾರೆ. ನನಗೆ ಬೇರೆ ಆದಾಯ ಇಲ್ಲ. ಮಗಳು ಅಳಿಯ ನನ್ನನ್ನು ನೋಡಿಕೊಳ್ಳುತ್ತಾರೆ.’ ಅಷ್ಟೇ. ಅಲ್ಲೇ ಒಂದು ಕಡೆ ಇಂಗ್ಲಿಷ್ ಮಾಡಿಸಿದ್ದಾರೆ. ಕೊನೆಯ ವಾಕ್ಯ ‘ವಿಲ್ ಲುಕ್ ಆಫ್ಟರ್ ಮಿ’ ಆಗಿದೆ. ಅಂದರೆ, ಮುಂದೆ ನೋಡಿಕೊಳ್ಳಲಿದ್ದಾರೆ.

ತಪ್ಪು ಅನ್ನೋಣವೇ? ಕನ್ನಡದಲ್ಲಿ ‘ದಿನಾ ಬರುತ್ತೇನೆ’ ಅನ್ನುತ್ತೇವೆ, ‘ನಾಳೆ ಬರುತ್ತೇನೆ’ ಅಂತಲೂ ಅನ್ನುತ್ತೇವೆ. ರೂಪ ಒಂದೇ. ‘ಬರುವೆನು’ ಬರವಣಿಗೆಯಲ್ಲಿ ಉಳಿದಿದೆ, ಬಾಯಲ್ಲಿ ಅಪರೂಪ. ‘ನೋಡಿಕೊಳ್ಳುತ್ತಾರೆ’ ಎಂಬುದು ನಡೆಯುತ್ತಿರುವ ಸಂಗತಿಯೂ ಹೌದು, ಕೊಟ್ಟ ಮಾತೂ ಹೌದು. ಮನೆಯಲ್ಲಿ ಕೂತು ಮಾತಾಡುವಾಗ ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ಕಾಗದದ ಮೇಲೆ ಮೂರೇ ವಾಕ್ಯ ಇದ್ದಾಗ ಓದುವವರು ಯಾವುದನ್ನು ಹಿಡಿಯಬೇಕು?

ಇದು ಸಣ್ಣ ವಿಷಯ ಅಲ್ಲ ಎಂದು ನನಗೆ ಅನಿಸಿದ್ದಕ್ಕೆ ಕಾರಣ ಇದೆ. 2007ರ ಜನವರಿಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಚೀನಾದ ಒಬ್ಬ ತಾಯಿ. ಮಗ ಚೀನಾದವನೇ, ಸೊಸೆ ಜರ್ಮನಿಯ ಪ್ರಜೆ, ಇಬ್ಬರೂ ಸ್ವೀಡನ್ನಿನಲ್ಲಿದ್ದರು. ನಮ್ಮ ಪಕ್ಕದ ಮನೆಯದೇ ನಂಟು, ಸುಮ್ನೆ ತಿರುಗಿಸಿ ಇಟ್ಟ ಹಾಗೆ. ನ್ಯಾಯಾಲಯ ಹೇಳಿದ್ದರ ತಿರುಳು ಇಷ್ಟು: ತಾಯಿಯ ಮೂಲ ಅಗತ್ಯಗಳು ನಡೆಯಲು ಇವರ ಸಹಾಯ ಬೇಕೇ ಬೇಕು ಎಂಬ ಸ್ಥಿತಿ, ಬರುವ ಮೊದಲು ಅವರಿದ್ದ ದೇಶದಲ್ಲೇ ಇರಬೇಕು. ಯಾವುದೇ ತಕ್ಕ ದಾಖಲೆಯಿಂದ ತೋರಿಸಬಹುದು. ಆದರೆ ‘ನಾವು ನೋಡಿಕೊಳ್ಳುತ್ತೇವೆ’ ಎಂಬ ಬರೀ ಮಾತನ್ನು ಪುರಾವೆ ಅಂತ ಒಪ್ಪಲೇಬೇಕಾಗಿಲ್ಲ.

ಈಗ ಅಮ್ಮನ ವಾಕ್ಯ ಮತ್ತೊಮ್ಮೆ ಓದಿ. ನಾಲ್ಕು ವರ್ಷ ತಿಂಗಳು ತಿಂಗಳು ದುಡ್ಡು ಬಿದ್ದದ್ದು ಪಾಸ್‌ಬುಕ್ಕಿನಲ್ಲಿದೆ. ಆ ನಾಲ್ಕು ವರ್ಷ ‘ವಿಲ್’ ಅನ್ನುವ ಒಂದು ಪದದಲ್ಲಿ ಬರೀ ಭರವಸೆ ಆಗಿ ಹೋಯಿತು. ನನಗೆ ಹೊಟ್ಟೆ ಉರಿದದ್ದು ಇದಕ್ಕೇ.

ಹೇಳಿಕೆ ಹೊಸದಾಗಿ ಬರೆಯೋಣ ಎಂದು ಅಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡೆ. ‘ನಾನು ಮಗಳು ಅಳಿಯನ ಅವಲಂಬಿತೆ’ ಎಂದು ಬರೆದು ಓದಿದೆ. ಸರ್ಕಾರಿ ಕನ್ನಡದಲ್ಲಿ ಅದೇ ಪದ ಅಲ್ವಾ? ಅನುಕಂಪದ ನೌಕರಿಯ ಅರ್ಜಿಯಲ್ಲೂ ಅದೇ. ಅಮ್ಮ ಕೇಳಿದರು, ‘ಅದೇನಮ್ಮ ಹಾಗಂದ್ರೆ? ನಂಗೇ ಗೊತ್ತಿಲ್ಲದ್ದಕ್ಕೆ ಹೇಗೆ ಸಹಿ ಹಾಕಲಿ?’ ಸರಿ, ‘ಆಶ್ರಿತೆ’ ಎಂದೆ. ಯಾರೋ ದೊಡ್ಡವರ ಮನೆಯಲ್ಲಿ ಬಿದ್ದುಕೊಂಡ ಹಾಗೆ ಕೇಳುತ್ತದೆ ಅಂದರು. ‘ಹಂಗು’ ಬಾಯಿಗೆ ಬಂದದ್ದೇ ತಡ, ಅವರ ಮುಖ ಗಂಟಾಯಿತು. ‘ಮಗಳ ಮನೇಲಿ ಹಂಗು ಎಂಥದ್ದು?’ ಅವರ ಮಾತು ನೂರಕ್ಕೆ ನೂರು ನಿಜ. ಹಂಗು ಅಂದರೆ ಉಪಕಾರದ ಭಾರ. ಕಾನೂನು ಕೇಳುತ್ತಿರುವುದು ಭಾರವನ್ನಲ್ಲ, ಬದುಕು ಹೇಗೆ ನಡೆಯುತ್ತಿದೆ ಎಂಬುದನ್ನು.

ಆಮೇಲೆ ಅವರೇ ಹೇಳಿದರು: ‘ಅವರು ಕಳಿಸಿದ್ದರಲ್ಲೇ ನನ್ನ ಜೀವನ.’

ನನ್ನ ಮಟ್ಟಿಗೆ ‘ಡಿಪೆಂಡೆಂಟ್’ಗೆ ಇದಕ್ಕಿಂತ ಒಳ್ಳೆಯ ಕನ್ನಡ ಇಲ್ಲ. ಅದರಲ್ಲಿ ದುಡ್ಡಿದೆ, ಅಗತ್ಯ ಇದೆ, ಆ ‘ಅಲ್ಲೇ’ಯಲ್ಲಿ ಬೇರೆ ದಾರಿ ಇಲ್ಲ ಎಂಬುದೂ ಇದೆ. ‘ಅವಲಂಬಿತ’ದಲ್ಲಿ ಇದ್ಯಾವುದೂ ಬಿಡಿಸಿ ಕಾಣುವುದಿಲ್ಲ.

ನಂಟಿನ ಹೆಸರುಗಳ ಬಗ್ಗೆಯೂ ಒಂದು ಎಚ್ಚರಿಕೆ. ಅತ್ತೆ ಅಂದರೆ ಹೆಂಡತಿಯ ತಾಯಿ, ಅಪ್ಪನ ತಂಗಿಯೂ ಅತ್ತೆಯೇ. ಅಳಿಯ ಅಂದರೆ ಮಗಳ ಗಂಡ, ಅಕ್ಕನ ಮಗನೂ ಅಳಿಯನೇ. ಈ ನಿರ್ದೇಶನದಲ್ಲಿ ಹೆಂಡತಿಯ ತಾಯಿಗೆ ಇರುವ ಹಕ್ಕು ಅಪ್ಪನ ತಂಗಿಗೆ ಇಲ್ಲ. ಅವರದು ಬೇರೆಯೇ ದಾರಿ, ಇನ್ನೂ ಕಷ್ಟದ್ದು. ಆದ್ದರಿಂದ ನಾನು ಎಲ್ಲ ಕಡೆ ‘ಮಗಳ ಗಂಡ’, ‘ಹೆಂಡತಿಯ ತಾಯಿ’ ಎಂದೇ ಬರೆಯುತ್ತಿದ್ದೇನೆ. ಕಿವಿಗೆ ಒರಟು, ಆದರೂ ಇರಲಿ.

ರೆಸಿಡೆನ್ಸ್ ಕಾರ್ಡಿಗೆ ಕೆಲವರು ‘ವಾಸ ಪರವಾನಗಿ’ ಅನ್ನುವುದನ್ನು ಕೇಳಿದ್ದೇನೆ. ದಯವಿಟ್ಟು ಬೇಡ. ಪರವಾನಗಿ ಅಂದರೆ ಕೊಟ್ಟವರು ಕೊಟ್ಟಾಗ ಹುಟ್ಟುವಂಥದ್ದು. ಇಲ್ಲಿ ಹಕ್ಕು ನಂಟಿನಿಂದಲೇ ಹುಟ್ಟಿದೆ, ಕಾರ್ಡ್ ಅದನ್ನು ತೋರಿಸುವ ಚೀಟಿ ಮಾತ್ರ. ಪಡಿತರ ಚೀಟಿ, ಗುರುತಿನ ಚೀಟಿ ಇದ್ದ ಹಾಗೆ ‘ವಾಸದ ಚೀಟಿ’ ಎಂದರೆ ಸರಿಹೋಗಬಹುದೇ? ಒಕ್ಕೂಟದ ಪ್ರಜೆಯಲ್ಲದ ಮನೆಯವರಿಗೆ ‘ಪರದೇಶಿ ಸದಸ್ಯ’ ಎಂಬುದನ್ನಂತೂ ನಾನು ಒಪ್ಪಲಾರೆ. ನಮ್ಮ ಕಡೆ ಪರದೇಶಿ ಅಂದರೆ ದಿಕ್ಕಿಲ್ಲದವರು. ಮಗಳ ಮನೆಗೆ ಬಂದ ತಾಯಿಗೆ ಆ ಹೆಸರೇ? ‘ಹೊರದೇಶದ’ ಸಾಕು.

ಈಗ ನನ್ನ ಪ್ರಶ್ನೆ. ಹೊಸ ಹೇಳಿಕೆಯ ಕರಡು ಹೀಗಿದೆ:

‘ನಾನು ಊರಿನಲ್ಲಿದ್ದಾಗ ನಾಲ್ಕು ವರ್ಷದಿಂದ ನನ್ನ ಮಗಳು ಮತ್ತು ಅವಳ ಗಂಡ ತಿಂಗಳು ತಿಂಗಳು ದುಡ್ಡು ಕಳಿಸುತ್ತಾ ಬಂದಿದ್ದಾರೆ. ಮನೆ ಬಾಡಿಗೆ, ಊಟ, ಔಷಧಿ ಎಲ್ಲಾ ಅದರಲ್ಲೇ. ಅವರು ಕಳಿಸಿದ್ದರಲ್ಲೇ ನನ್ನ ಜೀವನ.’

‘ಕಳಿಸುತ್ತಾರೆ’ ಬರೆದರೆ ಮತ್ತೆ ಭರವಸೆಯ ವಾಸನೆ. ‘ಕಳಿಸುತ್ತಿದ್ದರು’ ಅಂದರೆ ನಿಂತುಹೋಯಿತು ಎಂಬ ಅರ್ಥ ಬರುತ್ತದೆ. ಅದಕ್ಕೇ ‘ಕಳಿಸುತ್ತಾ ಬಂದಿದ್ದಾರೆ’ ಹಿಡಿದೆ. ಆದರೆ ‘ಊರಿನಲ್ಲಿದ್ದಾಗ’ ಎಂಬುದರ ಜೊತೆ ಅದು ಹೊಂದುತ್ತದೆಯೇ? ಅಮ್ಮ ಈಗ ಇಲ್ಲೇ ಇದ್ದಾರೆ, ಕಳಿಸುವ ಮಾತೇ ಇಲ್ಲ. ಎರಡು ವಾಕ್ಯ ಮಾಡಿ, ಒಂದರಲ್ಲಿ ಊರಿನ ಕಾಲ, ಇನ್ನೊಂದರಲ್ಲಿ ಈಗಿನದು ಎಂದು ಒಡೆಯಬೇಕೇ? ವ್ಯಾಕರಣ ಬಲ್ಲವರು, ಕೋರ್ಟು ಕಚೇರಿಯ ಅನುವಾದ ಮಾಡಿದವರು ಹೇಳಬೇಕು. ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಿಬಿಡೋಣ ಎಂದು ಮಗಳ ಆಸೆ, ಹಾಗಾಗಿ ಇನ್ನು ನಾಲ್ಕು ವಾರವಷ್ಟೇ ಇದೆ. ನೀವು ಹೇಳಿದ್ದನ್ನು ಮೊದಲು ಅಮ್ಮನಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಸಹಿ ಹಾಕಿಸುತ್ತೇನೆ.