ಅಪ್‌ಡೇಟ್: ಕ್ಯಾಂಪರ್ ವ್ಯಾನಿನ ಕೂಲೆಂಟ್ ಸೋರಿಕೆ ಸಿಕ್ಕಿತು

ನಮ್ಮ ಹಳೇ ಕ್ಯಾಂಪರ್ ವ್ಯಾನಿನಲ್ಲಿ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಮ್ಮಿಯಾಗುತ್ತಿದೆ, ನೆಲದ ಮೇಲೆ ಹನಿಯಿಲ್ಲ, ರೇಡಿಯೇಟರ್ ಬದಲಿಸಬೇಕಾ ಎಂದು ಕೇಳಿದ್ದೆನಲ್ಲ? ಬೇಕಾಗಲಿಲ್ಲ.

ದಾವಣಗೆರೆಯ ಮೆಕ್ಯಾನಿಕ್ ಒಬ್ಬರು ಇಂಜಿನ್ ತಣ್ಣಗಿದ್ದಾಗ ಕೂಲೆಂಟ್ ಹರಿಯುವ ದಾರಿಗೆ ಪ್ರೆಷರ್ ಕೊಟ್ಟು ನೋಡಿದರು. ಮೀಟರಿನ ಮುಳ್ಳು ಮೆಲ್ಲಗೆ ಇಳಿಯಿತು, ಅಂದರೆ ಎಲ್ಲೋ ಸೋರುತ್ತಿದೆ. ಟಾರ್ಚ್ ಬಿಟ್ಟರೆ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಹಸಿರು ಹನಿ, ಸುತ್ತ ಒಣಗಿದ ಬಿಳಿ ಪುಡಿ. ಒಳಗಿನ ಸೀಲ್ ಸವೆದರೆ ಗೊತ್ತಾಗಲಿ ಅಂತಲೇ ಆ ತೂತು ಇಟ್ಟಿರುತ್ತಾರೆ. ಅದಕ್ಕೆ ಎಂ-ಸೀಲ್ ಮೆತ್ತಿಬಿಡಿ ಎಂದರು ಪಕ್ಕದಲ್ಲಿ ನಿಂತಿದ್ದವರೊಬ್ಬರು. ಪುಣ್ಯಕ್ಕೆ ಮೆಕ್ಯಾನಿಕ್ ಕೇಳಲಿಲ್ಲ! ಹನಿ ಬಿಸಿ ಇಂಜಿನ್ ಮೇಲೇ ಆರಿಹೋಗುತ್ತಿತ್ತು, ಅದಕ್ಕೇ ನೆಲ ಒಣ.

ಹೊಸ ಪಂಪ್ ಹಾಕಿಸಿದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ಬೋರ್‌ವೆಲ್ ಗಡಸು ನೀರು ಮಾತ್ರ ಬೇಡವೇ ಬೇಡ. ಆಮೇಲೆ ಚಿತ್ರದುರ್ಗಕ್ಕೆ ಹೋಗಿಬಂದೆ. ಬಿಸಿಲು ಜಾಸ್ತಿಯೇ ಇತ್ತು, ಆದರೂ ವ್ಯಾನ್ ಬಿಸಿಯೇರಲಿಲ್ಲ.